ಪೆಟ್ಟಿಗೆ ಚಿಕ್ಕದಾದೀತು, ಬಸ್ಕಿ ಚಿಕ್ಕದಾಗದು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ವ್ಯಾಯಾಮದ ಯಂತ್ರಗಳನ್ನೆಲ್ಲ ಭೂಮಿಗೆ ತಂದು ತೂಗಿದರೆ 1,800 ಕಿಲೋ ದಾಟುತ್ತದೆ. ಅವು ಹಿಡಿಯುವ ಜಾಗ ಸುಮಾರು 24 ಘನ ಮೀಟರ್. ನಾಲ್ವರನ್ನು ಚಂದ್ರನ ಬಳಿಗೆ ಒಯ್ಯಲೆಂದು ನಾಸಾ ಕಟ್ಟಿಸಿದ ಓರಾಯನ್ ನೌಕೆಯಲ್ಲಿ ಜನ ಇರಲು, ಉಣ್ಣಲು, ಮಲಗಲು ಸಿಗುವ ಜಾಗವೆಲ್ಲ ಸೇರಿ ಸುಮಾರು 9 ಘನ ಮೀಟರ್. ಅಂದರೆ ನಿಲ್ದಾಣದ ವ್ಯಾಯಾಮದ ಸಾಮಾನಿಗೆ ಬೇಕಾದ ಜಾಗದಲ್ಲಿ ಎರಡೂವರೆ ಓರಾಯನ್‌ಗಳು ಹಿಡಿಯುತ್ತವೆ.

ನಿಲ್ದಾಣ ನಮ್ಮ ತಲೆಯ ಮೇಲೆ 400 ಕಿಲೋಮೀಟರ್ ದೂರದಲ್ಲಿದೆ. ಬಿಡಿಭಾಗ ಬೇಕೆಂದರೆ ಮುಂದಿನ ಸರಕು ನೌಕೆಯಲ್ಲಿ ಕಳಿಸಬಹುದು. ಮಂಗಳನ ದಾರಿಯಲ್ಲಿ ಆ ಅನುಕೂಲವಿಲ್ಲ. ಹೋಗಲು ಆರರಿಂದ ಒಂಬತ್ತು ತಿಂಗಳು, ಅಲ್ಲಿ ಇದ್ದು ಮರಳಿ ಬರುವ ಹೊತ್ತಿಗೆ ಸುಮಾರು ಮೂರು ವರ್ಷ. ಹಾಗಾಗಿ ಕೆಲವು ವರ್ಷಗಳಿಂದ ಎಂಜಿನಿಯರುಗಳ ಮುಂದೆ ಒಂದೇ ಸವಾಲು: ಈ ಗರಡಿಮನೆಯನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಹೇಗೆ ತುಂಬುವುದು?

ಸುದ್ದಿಗಳಲ್ಲಿ ಇದನ್ನು ಯಂತ್ರ ಚಿಕ್ಕದಾದ ಕತೆಯಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಯಂತ್ರವನ್ನು ಕುಗ್ಗಿಸುವುದು ಕಷ್ಟವೇ, ಆದರೆ ಆಗುವ ಕೆಲಸ. ಯಂತ್ರ ಹಿಡಿದು ಬಸ್ಕಿ ಹೊಡೆಯುವ ಮೈಯನ್ನು ಕುಗ್ಗಿಸಲಾಗುವುದಿಲ್ಲ. ಆ ಮೈಗೆ ಕನಿಷ್ಠ ಎಷ್ಟು ಭಾರ ಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಮೂಳೆ ಮತ್ತು ಸ್ನಾಯು. ಆ ಉತ್ತರ ಪೂರ್ತಿ ಕೈಗೆ ಬರುವ ಮೊದಲೇ ನಾವು ಪೆಟ್ಟಿಗೆಯ ಅಳತೆ ಬರೆದುಕೊಳ್ಳುತ್ತಿದ್ದೇವೆ.

ಕೆಲಸವಿಲ್ಲದ ಮೂಳೆ

ಕಾಲಿಗೆ ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ಲಾಸ್ಟರ್ ಒಡೆದ ದಿನ ಒಂದು ಮೀನಖಂಡ ಮೊದಲಿನಂತೆಯೇ ಇರುತ್ತದೆ, ಇನ್ನೊಂದು ಕಡ್ಡಿಯಂತಾಗಿರುತ್ತದೆ. ಬಾಹ್ಯಾಕಾಶದಲ್ಲಿ ಪ್ಲಾಸ್ಟರ್ ಇಲ್ಲದೆಯೇ ಎರಡೂ ಕಾಲಿಗೆ, ಸೊಂಟಕ್ಕೆ, ಬೆನ್ನಿಗೆ ಅದೇ ಗತಿ.

ನಿಲ್ದಾಣವಿರುವ ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲವೆಂದಲ್ಲ, ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟು ಅಲ್ಲೂ ಇದೆ. ಆದರೆ ನಿಲ್ದಾಣವೂ ಒಳಗಿರುವವರೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಕಾಲು ಯಾವುದನ್ನೂ ಒತ್ತುವುದಿಲ್ಲ. ನಾವು ಸುಮ್ಮನೆ ನಿಂತಿದ್ದಾಗಲೂ ದುಡಿಯುವ ಸ್ನಾಯುಗಳಿವೆ: ಮೀನಖಂಡದ ಒಳಪದರ, ತೊಡೆಯ ಮುಂಭಾಗ, ಬೆನ್ನುಮೂಳೆಯ ಉದ್ದಕ್ಕೂ ಇರುವ ಪಟ್ಟಿಗಳು. ಅಲ್ಲಿ ಮೊದಲು ಸೊರಗುವುದು ಇವೇ. ಮೂಳೆ ಇನ್ನೂ ನಿಧಾನ, ಇನ್ನೂ ಕಟ್ಟುನಿಟ್ಟು. ಮೂಳೆಯೊಳಗಿನ ಜೀವಕೋಶಗಳು ತಮ್ಮ ಮೇಲೆ ಬೀಳುವ ಒತ್ತಡವನ್ನು ಸದಾ ಗಮನಿಸುತ್ತಿರುತ್ತವೆ. ಒತ್ತಡ ಬೀಳದ ಕಡೆ ಸುಣ್ಣವನ್ನು ಇಟ್ಟುಕೊಳ್ಳುವುದು ದೇಹಕ್ಕೆ ದಂಡದ ಖರ್ಚು, ಹಾಗಾಗಿ ಅದನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಸರಿಯಾದ ವ್ಯಾಯಾಮವಿಲ್ಲದಿದ್ದರೆ ಸೊಂಟದಂಥ ಭಾರ ಹೊರುವ ಭಾಗಗಳಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಮೂಳೆಯ ಸಾಂದ್ರತೆ ಇಳಿಯುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ, ಅದರಿಂದ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಭಯವೂ ಹೆಚ್ಚು. ಆಸ್ಪತ್ರೆಯಿಂದ ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ ಮೂತ್ರಕಲ್ಲಿನ ನೋವು ಬಂದರೆ ಏನು ಗತಿ!

ಇದು ಅನುಭವದಿಂದ ಕಲಿತ ಪಾಠ. 1970ರ ಜೂನ್‌ನಲ್ಲಿ ಸೋಯುಜ್-9ರಲ್ಲಿ ಆಂಡ್ರಿಯಾನ್ ನಿಕೊಲಾಯೆವ್ ಮತ್ತು ವಿತಾಲಿ ಸೆವಸ್ತ್ಯಾನೊವ್ ಸುಮಾರು 18 ದಿನ ಕಳೆದು ಇಳಿದಾಗ ತಾವಾಗಿ ನಡೆಯಲಾರದಷ್ಟು ನಿತ್ರಾಣರಾಗಿದ್ದರು. ಇಕ್ಕಟ್ಟಾದ ನೌಕೆ, ಅಲ್ಪ ವ್ಯಾಯಾಮ, ಮೂರು ವಾರವೂ ಆಗಿರಲಿಲ್ಲ. ಆ ಬಳಿಕವೇ ಸೋವಿಯತ್ ವೈದ್ಯರು ವ್ಯಾಯಾಮವನ್ನು ನಿತ್ಯದ ಕೆಲಸದ ಪಟ್ಟಿಯಲ್ಲಿ ಗಟ್ಟಿಯಾಗಿ ಕೂರಿಸಿದರು, ಮೈಯನ್ನು ಸದಾ ಮಡಚಲೆಳೆಯುವ ರಬ್ಬರ್ ಪಟ್ಟಿಗಳ 'ಪೆಂಗ್ವಿನ್' ಉಡುಪನ್ನೂ ತಂದರು. ಕಾಲು ಶತಮಾನದ ನಂತರ, 1995ರಲ್ಲಿ, ಸ್ವತಃ ವೈದ್ಯರಾಗಿದ್ದ ವಲೇರಿ ಪೊಲ್ಯಾಕೊವ್ ಮಿರ್ ನಿಲ್ದಾಣದಲ್ಲಿ 437 ದಿನ ಕಳೆದು ಇಳಿದವರು ನೌಕೆಯಿಂದ ಪಕ್ಕದ ಕುರ್ಚಿಗೆ ನಡೆದೇ ಹೋದರು. 18 ದಿನ ಮತ್ತು 437 ದಿನ, ಈ ಎರಡು ಇಳಿತಗಳ ನಡುವಿನ ಅಂತರದಲ್ಲಿ ದಿನನಿತ್ಯದ ಕಸರತ್ತಿನ ಪಾಲು ದೊಡ್ಡದು.

ತೂಕವಿಲ್ಲದೆಡೆ ತೂಕ ಎತ್ತುವುದು

ಭೂಮಿಯ ಮೇಲೆ ನೂರು ಕಿಲೋ ಕಬ್ಬಿಣವೇ ಒಂದು ಯಂತ್ರ. ಕಕ್ಷೆಯಲ್ಲಿ ಅದನ್ನು ಕಿರುಬೆರಳಲ್ಲಿ ಎತ್ತಿ ಹಿಡಿಯಬಹುದು. ಜಡತ್ವ ಉಳಿದಿರುತ್ತದೆ, ಜೋರಾಗಿ ಅಲ್ಲಾಡಿಸಿದರೆ ಅದು ಗೊತ್ತಾಗುತ್ತದೆ, ಆದರೆ ಹೆಗಲ ಮೇಲೆ ಕೂತು ಒತ್ತುವ ಭಾರ ಇರುವುದಿಲ್ಲ. ಆ ಒತ್ತಡವನ್ನು ಬೇರೆ ಯಾವುದಾದರೂ ಉಪಾಯದಿಂದ ಹುಟ್ಟಿಸಬೇಕು. ಈ ಕ್ಷೇತ್ರದ ಇತಿಹಾಸವೆಂದರೆ ಆ ಉಪಾಯಗಳ ಸರಣಿಯೇ.

ಮೊದಲಿಗೆ ರಬ್ಬರ್ ಹಗ್ಗ. ಜೆಮಿನಿ ಯಾನಗಳಲ್ಲಿ ಕಾಲಿಗೆ ಸಿಕ್ಕಿಸಿ ಎಳೆಯುವ ಬಂಜಿ ಹಗ್ಗವಿತ್ತು. ಅಪೊಲೊದಲ್ಲಿ ಹಗ್ಗ ಉಜ್ಜಿಕೊಂಡು ಸಾಗುವ ಘರ್ಷಣೆಯಿಂದ ತಡೆ ಕೊಡುವ ಪುಟ್ಟ ಕೊಳವೆಯಿತ್ತು. ಹತ್ತು ಹನ್ನೆರಡು ದಿನದ ಯಾನಕ್ಕೆ ಅಷ್ಟು ಸಾಕಿತ್ತು. ಆರು ತಿಂಗಳ ವಾಸ ಶುರುವಾದ ಮೇಲೆ, 2000ದ ಹೊತ್ತಿಗೆ, ನಿಲ್ದಾಣಕ್ಕೆ ಐರೆಡ್ ಎಂಬ ಯಂತ್ರ ಹೋಯಿತು. ಎರಡು ಡಬ್ಬಿಗಳೊಳಗೆ ಹಿಗ್ಗಿ ಕುಗ್ಗುವ ಪಾಲಿಮರ್ ಚಕ್ರಗಳು, ಹೊರಗೆ ಎಳೆಯುವ ಹಗ್ಗ. ಗರಿಷ್ಠ ಭಾರ ಸುಮಾರು 136 ಕಿಲೋ.

ಸಾಮಾನ್ಯರಿಗೆ 136 ಕಿಲೋ ಎಂದರೆ ಬೇಕಾದಷ್ಟಾಯಿತು. ಆದರೆ ಲೆಕ್ಕ ಹಾಕಿ ನೋಡಿ. 70 ಕಿಲೋ ತೂಕದವರು ಭೂಮಿಯ ಮೇಲೆ ಹೆಗಲಿಗೆ 60 ಕಿಲೋ ಹೊತ್ತು ಬಸ್ಕಿ ಹೊಡೆಯುವಾಗ ಅವರ ತೊಡೆ ಎತ್ತುವುದು 60 ಕಿಲೋ ಅಲ್ಲ. ಮೊಣಕಾಲಿನ ಕೆಳಗಿನ ಭಾಗ ಬಿಟ್ಟು ಉಳಿದ ಸ್ವಂತ ಮೈಯನ್ನೂ ಅವರು ಎತ್ತುತ್ತಿರುತ್ತಾರೆ. ಒಟ್ಟು 120ರ ಆಸುಪಾಸು. ಕಕ್ಷೆಯಲ್ಲಿ ಮೈಗೆ ತೂಕವಿಲ್ಲದ್ದರಿಂದ ಆ 120ನ್ನೂ ಯಂತ್ರವೇ ಕೊಡಬೇಕು. ತುಸು ಗಟ್ಟಿಮುಟ್ಟಾದವರಿಗೆ ಐರೆಡ್ ಅಲ್ಲಿಗೇ ಕೈಚೆಲ್ಲುತ್ತಿತ್ತು. ಜೊತೆಗೆ ರಬ್ಬರಿನ ಹುಟ್ಟುಗುಣವೊಂದಿದೆ: ಹಿಗ್ಗಿಸಿದಷ್ಟೂ ಬಿಗಿ ಹೆಚ್ಚು, ಶುರುವಿನಲ್ಲಿ ಸಡಿಲ, ಮರಳುವಾಗ ಎಳೆದದ್ದಕ್ಕಿಂತ ಕಡಿಮೆ ಬಲ. ಬಸ್ಕಿಯಲ್ಲಿ ಏಳುವುದು ಅರ್ಧ ಕೆಲಸ, ಭಾರವನ್ನು ತಡೆದು ನಿಧಾನ ಕೂರುವುದು ಇನ್ನರ್ಧ. ಸ್ನಾಯುವಿಗೆ ಲಾಭವಾಗುವ ಆ ಇನ್ನರ್ಧದಲ್ಲೇ ರಬ್ಬರ್ ಕೈಕೊಡುತ್ತದೆ.

2008ರ ನವೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ ಹೋದ ಏರೆಡ್ ಯಂತ್ರ ಈ ಕತೆಯ ದೊಡ್ಡ ತಿರುವು. ಅದರ ಭಾರ ಹುಟ್ಟುವುದು ಗಾಳಿಯಿಂದ. ಎರಡು ಕೊಳವೆಗಳು, ಒಳಗೆ ನಿರ್ವಾತ, ಪಿಸ್ಟನ್ ಎಳೆದಾಗ ಹೊರಗಿನ ಗಾಳಿಯ ಒತ್ತಡ ಅದನ್ನು ಒಳಕ್ಕೆ ನೂಕುತ್ತದೆ. ಸಮುದ್ರಮಟ್ಟದ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತದೆ, ನಿಲ್ದಾಣದೊಳಗೂ ಅದೇ ಒತ್ತಡ ಕಾಯ್ದುಕೊಂಡಿದ್ದಾರೆ. ಪಿಸ್ಟನ್ ಎಷ್ಟೇ ಮುಂದೆ ಬಂದರೂ ಆ ಬಲ ಬದಲಾಗುವುದಿಲ್ಲ, ಕಬ್ಬಿಣದ ತೂಕದಂತೆಯೇ ಸಮನಾಗಿರುತ್ತದೆ. ಸನ್ನೆಯ ಉದ್ದ ಬದಲಿಸಿದರೆ ಭಾರ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಗರಿಷ್ಠ 272 ಕಿಲೋ. ನಿಜವಾದ ಕಬ್ಬಿಣವನ್ನು ಝಾಡಿಸಿ ಎತ್ತುವಾಗ ಸಿಗುವ ಜಡತ್ವದ ಅನುಭವಕ್ಕಾಗಿ ಪಕ್ಕದಲ್ಲಿ ಫ್ಲೈವೀಲ್‌ಗಳನ್ನೂ, ಅಂದರೆ ಭಾರದ ತಿರುಗುಚಕ್ರಗಳನ್ನೂ, ಜೋಡಿಸಿದ್ದಾರೆ. ಗಾಳಿಯನ್ನೇ ಕಬ್ಬಿಣ ಮಾಡಿಕೊಂಡ ಈ ಕಲ್ಪನೆಯನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಫಲವೂ ಸಿಕ್ಕಿತು. ಸ್ಕಾಟ್ ಸ್ಮಿತ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐರೆಡ್ ಬಳಸಿದ ಎಂಟು ಜನರನ್ನೂ ಏರೆಡ್ ಬಳಸಿದ ಐವರನ್ನೂ ಹೋಲಿಸಿದ್ದರು. ಸಾಕಷ್ಟು ಊಟ, ವಿಟಮಿನ್ ಡಿ ಜೊತೆಗೆ ಏರೆಡ್‌ನಲ್ಲಿ ದುಡಿದವರು ಹೆಚ್ಚಿನ ಭಾಗಗಳಲ್ಲಿ ಮೂಳೆಯ ಸಾಂದ್ರತೆ ಉಳಿಸಿಕೊಂಡು ಬಂದಿದ್ದರು. ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ: ಮೂಳೆ ಕರಗುವುದು ಅವರಲ್ಲೂ ನಿಂತಿರಲಿಲ್ಲ. ಕರಗಿದ್ದಕ್ಕೆ ಎದುರಾಗಿ ಹೊಸದು ಕಟ್ಟುವ ಕೆಲಸವೂ ನಡೆದಿತ್ತು, ಅಷ್ಟೇ. ಹೀಗೆ ಸದಾ ಒಡೆದು ಕಟ್ಟಿದ ಮೂಳೆ ಮೊದಲಿನಷ್ಟೇ ಗಟ್ಟಿಯೇ ಎಂಬುದು ಸಾಂದ್ರತೆಯ ಅಂಕಿಯೊಂದರಿಂದ ತಿಳಿಯುವುದಿಲ್ಲ.

ಇನ್ನು ಈ ಗಾಳಿಯ ಕಬ್ಬಿಣವನ್ನು ಚಂದ್ರನ ಮನೆಗೆ ಒಯ್ಯಿರಿ. ಬಾಹ್ಯಾಕಾಶ ನಡಿಗೆಗೆ ಬೇಗ ಸಿದ್ಧರಾಗಲು ಅನುಕೂಲವಾಗಲೆಂದು ಮುಂದಿನ ನೌಕೆ, ನೆಲೆಗಳಲ್ಲಿ ಗಾಳಿಯ ಒತ್ತಡವನ್ನು ಸುಮಾರು 56 ಕಿಲೋಪಾಸ್ಕಲ್‌ಗೆ ಇಳಿಸಿ ಆಮ್ಲಜನಕದ ಪಾಲನ್ನು ಶೇ. 34ಕ್ಕೆ ಏರಿಸುವ ಯೋಜನೆಯಿದೆ. ನಿಲ್ದಾಣದಲ್ಲಿರುವುದು 101 ಕಿಲೋಪಾಸ್ಕಲ್. ಅದೇ ಕೊಳವೆ, ಅದೇ ಪಿಸ್ಟನ್ ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಲ ಮಾತ್ರ ಕೊಡುತ್ತದೆ. ಬಲ ಅಷ್ಟೇ ಬೇಕೆಂದರೆ ಕೊಳವೆ ದಪ್ಪವಾಗಬೇಕು. ಚಿಕ್ಕದು ಮಾಡಲು ಹೊರಟಲ್ಲಿ ದೊಡ್ಡದು ಮಾಡಬೇಕಾದ ಪರಿಸ್ಥಿತಿ.

ಬುಗುರಿಯ ಉಪಾಯ

ಓರಾಯನ್‌ಗೆಂದು ಆರಿಸಿದ ದಾರಿ ಬೇರೆ. ಓರಾಯನ್‌ನಲ್ಲಿ ಚಂದ್ರನನ್ನು ಸುತ್ತಿ ಬರುವ ಆರ್ಟೆಮಿಸ್-2 ಯಾನದ ನಾಲ್ವರಿಗಾಗಿ, ಅಂದರೆ ರೀಡ್ ವೈಸ್‌ಮನ್, ವಿಕ್ಟರ್ ಗ್ಲೋವರ್, ಕ್ರಿಸ್ಟಿನಾ ಕೋಕ್ ಮತ್ತು ಜೆರೆಮಿ ಹ್ಯಾನ್ಸನ್ ಅವರಿಗಾಗಿ, ಸಿದ್ಧಪಡಿಸಿದ ಫ್ಲೈವೀಲ್ ಯಂತ್ರದ ತೂಕ ಸುಮಾರು 14 ಕಿಲೋ. ವಿಮಾನದಲ್ಲಿ ಜೊತೆಗೊಯ್ಯುವ ಸೂಟ್‌ಕೇಸಿಗಿಂತ ತುಸು ಚಿಕ್ಕದು. ಬಾಗಿಲ ಕೆಳಗೆ ಕೂರುವ ಅದನ್ನು ಒಳಗೆ ಹೋಗಿ ಬರುವಾಗ ಮೆಟ್ಟಿಲಾಗಿಯೂ ಬಳಸಬಹುದು. ಬಸ್ಕಿ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಹುಟ್ಟು ಹಾಕುವಂಥ ರೋಯಿಂಗ್, ಎಲ್ಲವೂ ಒಂದೇ ಹಗ್ಗದಿಂದ. ಗರಿಷ್ಠ ಭಾರ ಸುಮಾರು 180 ಕಿಲೋ. ಆ ಸುಮಾರು ಹತ್ತು ದಿನದ ಯಾನಕ್ಕೆ ನಿಗದಿಪಡಿಸಿದ ವ್ಯಾಯಾಮ ಒಬ್ಬೊಬ್ಬರಿಗೆ ದಿನಕ್ಕೆ 30 ನಿಮಿಷ.

ಕೆಲಸ ಮಾಡುವ ಬಗೆ ಯೋ-ಯೋ ಆಟಿಕೆಯದೇ. ಚಕ್ರಕ್ಕೆ ಸುತ್ತಿದ ಹಗ್ಗವನ್ನು ಎಳೆದರೆ ಚಕ್ರ ಬುಗುರಿಯಂತೆ ತಿರುಗುತ್ತದೆ. ಹಗ್ಗ ಮುಗಿದರೂ ಚಕ್ರ ನಿಲ್ಲುವುದಿಲ್ಲ, ತಿರುಗುತ್ತಲೇ ಹಗ್ಗವನ್ನು ಮತ್ತೆ ಸುತ್ತಿಕೊಳ್ಳತೊಡಗಿ ನಿಮ್ಮನ್ನು ಕೆಳಕ್ಕೆ ಸೆಳೆಯುತ್ತದೆ. ಏಳುವಾಗ ನೀವು ಅದಕ್ಕೆ ಕೊಟ್ಟ ಶಕ್ತಿಯನ್ನು ಕೂರುವಾಗ ನೀವೇ ತಡೆದು ನಿಲ್ಲಿಸಬೇಕು. ರಬ್ಬರ್ ಕೈಕೊಡುವ ಆ ಇನ್ನರ್ಧದಲ್ಲಿ ಫ್ಲೈವೀಲ್ ಗಟ್ಟಿಗ. ವಿದ್ಯುತ್ ಬೇಡ, ಗುರುತ್ವ ಬೇಡ, ಗಾಳಿಯ ಒತ್ತಡದ ಹಂಗೂ ಇಲ್ಲ. ಸ್ವೀಡನ್‌ನಲ್ಲಿ ಪೇರ್ ಟೆಶ್ ಮತ್ತು ಹಾನ್ಸ್ ಬರ್ಗ್ 1990ರ ದಶಕದಲ್ಲೇ ಈ ವಿಧಾನವನ್ನು ಬಾಹ್ಯಾಕಾಶಕ್ಕೆಂದು ರೂಪಿಸಿದ್ದರು.

ಕೊರತೆ ಇರುವುದು ಅದರ ಗುಣದಲ್ಲೇ: ನೀವು ಹಾಕಿದಷ್ಟೇ ಅದು ಕೊಡುತ್ತದೆ. ಕಬ್ಬಿಣಕ್ಕೆ ನಿಮ್ಮ ಆಯಾಸ ಗೊತ್ತಿಲ್ಲ, ನೂರು ಕಿಲೋ ಎಂದರೆ ನೂರು ಕಿಲೋ. ಫ್ಲೈವೀಲ್ ಹಾಗಲ್ಲ, ನೀವು ಸೋತು ಮೆಲ್ಲಗೆ ಎಳೆದರೆ ಅದೂ ಮೆಲ್ಲಗಾಗುತ್ತದೆ. ಹತ್ತು ದಿನದ ಯಾನಕ್ಕೆ ಇದು ದೊಡ್ಡ ಮಾತಲ್ಲ. ಎಂಟನೆಯ ತಿಂಗಳಲ್ಲಿ, ನಿದ್ದೆ ಕೆಟ್ಟು, ಊಟ ಬೇಸರ ಬಂದು, ಕಿಟಕಿಯಲ್ಲಿ ಭೂಮಿ ಒಂದು ಚುಕ್ಕೆಯಾಗಿರುವ ದಿನ, ಮೂಳೆಗೆ ಬೇಕಾದ ಆ ಬಿರುಸಿನ ಎಳೆತವನ್ನು ಅವರು ತಾವಾಗಿ ಹಾಕುತ್ತಾರೆಯೇ? ಯಂತ್ರದ ಸಾಮರ್ಥ್ಯವನ್ನು 180 ಕಿಲೋ ಎಂದು ಬರೆಯುವುದು ಸುಲಭ. ಆ ದಿನ ಆ ಮನುಷ್ಯ ಎಳೆದದ್ದೆಷ್ಟು ಎಂಬುದೇ ಮುಖ್ಯವಾದ ಅಂಕಿ. ಆದ್ದರಿಂದ ಹಗ್ಗದ ಬಲವನ್ನು ಅಳೆದು ಅಲ್ಲಲ್ಲೇ ತೋರಿಸುವ ಪರದೆಯನ್ನು ನಾನು ಅಲಂಕಾರವೆಂದು ಎಣಿಸುವುದಿಲ್ಲ, ಅದು ಯಂತ್ರದ ಅರ್ಧ ಪ್ರಾಣ.

ಮೂರನೆಯ ದಾರಿ ಮೋಟಾರು. ಗಣಕದ ಹಿಡಿತದಲ್ಲಿರುವ ಪುಟ್ಟ ಮೋಟಾರು ಕಬ್ಬಿಣದಂತೆಯೂ ವರ್ತಿಸಬಲ್ಲದು, ದೋಣಿಯ ಹುಟ್ಟಿನಂತೆಯೂ. ನಾಸಾ ಇಂಥ ಪುಟ್ಟ ಯಂತ್ರವೊಂದನ್ನು ನಿಲ್ದಾಣದಲ್ಲಿ ಪರೀಕ್ಷಿಸಿದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಗಾಗಿ ಡ್ಯಾನಿಶ್ ಏರೋಸ್ಪೇಸ್ ಕಂಪನಿ ಕಟ್ಟಿದ ಇ4ಡಿ ಯಂತ್ರ ಭಾರ ಎತ್ತುವುದು, ಸೈಕಲ್ ತುಳಿಯುವುದು, ಹುಟ್ಟು ಹಾಕುವುದು, ಹಗ್ಗ ಎಳೆಯುವುದು ನಾಲ್ಕನ್ನೂ ಒಂದರಲ್ಲಿ ಸೇರಿಸುತ್ತದೆ. ಮೋಟಾರಿನ ಜೊತೆಗೆ ವಿದ್ಯುತ್ತು, ಶಾಖ, ಕೆಡಬಲ್ಲ ಸರ್ಕ್ಯೂಟುಗಳೂ ಬರುತ್ತವೆ.

ಓಟವನ್ನು ಕೈಬಿಡಬಹುದೇ?

ಎಲ್ಲಕ್ಕಿಂತ ದೊಡ್ಡ ಉಳಿತಾಯ ಸಿಗುವುದು ಟ್ರೆಡ್‌ಮಿಲ್ ತೆಗೆದುಹಾಕಿದರೆ. ಅದಕ್ಕೇ ಈಗಿನ ಬಿಸಿ ಚರ್ಚೆ ಅದರ ಸುತ್ತ.

2009ರಲ್ಲಿ ನಿಲ್ದಾಣಕ್ಕೆ ಹೋದ ಟಿ2 ಟ್ರೆಡ್‌ಮಿಲ್‌ನಲ್ಲಿ ಓಡುವವರು ಹೆಗಲು ಸೊಂಟಕ್ಕೆ ಪಟ್ಟಿ ಬಿಗಿದು ಬಂಜಿ ಹಗ್ಗಗಳಿಂದ ಯಂತ್ರಕ್ಕೆ ತಮ್ಮನ್ನು ಕಟ್ಟಿಕೊಳ್ಳುತ್ತಾರೆ. ಭೂಮಿಯಲ್ಲಿ ಗುರುತ್ವ ಮೈಯ ಕಣಕಣವನ್ನೂ ಸೆಳೆಯುತ್ತದೆ, ಇಲ್ಲಿ ಆ ಸೆಳೆತವೆಲ್ಲ ಎರಡು ಹೆಗಲು, ಒಂದು ಸೊಂಟದ ಮೇಲೆ. ಚರ್ಮ ಉಜ್ಜಿ ಕೆಂಪಾಗುತ್ತದೆ, ನೋವಿಗೆ ಹೆದರಿ ಬಹಳಷ್ಟು ಮಂದಿ ತಮ್ಮ ಪೂರ್ಣ ತೂಕಕ್ಕಿಂತ ಕಡಿಮೆ ಬಿಗಿಯಲ್ಲೇ ಓಡುತ್ತಾರೆ. ಸುನಿತಾ ವಿಲಿಯಮ್ಸ್ 2007ರ ಏಪ್ರಿಲ್‌ನಲ್ಲಿ ಇದಕ್ಕೂ ಹಿಂದಿನ ಟ್ರೆಡ್‌ಮಿಲ್‌ನಲ್ಲಿ ಹೀಗೆ ಕಟ್ಟಿಕೊಂಡೇ 4 ಗಂಟೆ 24 ನಿಮಿಷದಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದರು. ಪಟ್ಟಿಯ ಹೊಲಿಗೆ ಯಾವ ಕಡೆ ಚುಚ್ಚುತ್ತದೆ ಎಂಬಂಥ ಸಣ್ಣ ವಿಚಾರ ಇಲ್ಲಿ ಮೂಳೆಗೆ ಸಿಗುವ ಭಾರವನ್ನೇ ನಿರ್ಧರಿಸುತ್ತದೆ. ಒಳ್ಳೆಯ ಹೆಗಲುಪಟ್ಟಿಯ ಬಗ್ಗೆ ಚಕ್ರ, ಮೋಟಾರುಗಳ ಬಗ್ಗೆ ಆಗುವಷ್ಟು ಚರ್ಚೆ ಆಗುವುದಿಲ್ಲ. ಆಗಬೇಕು.

ಟ್ರೆಡ್‌ಮಿಲ್ ಇಲ್ಲದೆ ಓಡಿದ ಉದಾಹರಣೆಯೂ ಇದೆ. ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣವಾದ ಸ್ಕೈಲ್ಯಾಬ್‌ನ ಮೊದಲ ತಂಡ 1973ರಲ್ಲಿ 28 ದಿನ ಇದ್ದು ಬಂದಾಗ ಅವರಿಗಿದ್ದದ್ದು ಸೈಕಲ್ ಮಾತ್ರ. ಹೃದಯ ಚೆನ್ನಾಗಿತ್ತು, ಕಾಲಿನ ಬಲ ಇಳಿದಿತ್ತು. ಎರಡನೆಯ ತಂಡಕ್ಕೆ ಹಗ್ಗ ಎಳೆಯುವ ಉಪಕರಣ ಸೇರಿತು. ಮೂರನೆಯ ತಂಡಕ್ಕೆ ವೈದ್ಯ-ಗಗನಯಾತ್ರಿ ವಿಲಿಯಂ ಥಾರ್ನ್‌ಟನ್ ಒಂದು ಸರಳ ಉಪಾಯ ಹುಡುಕಿದರು: ನೆಲಕ್ಕೆ ಬಿಗಿದ ಟೆಫ್ಲಾನ್ ಲೇಪದ ತಗಡು, ಮೈಯನ್ನು ಅದರ ಕಡೆಗೆ ಸೆಳೆಯುವ ಬಂಜಿ ಹಗ್ಗಗಳು. ಕಾಲುಚೀಲ ಹಾಕಿಕೊಂಡು ಜಾರುವ ತಗಡಿನ ಮೇಲೆ ಗುಡ್ಡ ಹತ್ತಿದಂತೆ ಕಾಲು ಜಾರಿಸುತ್ತ ನಡೆಯುವುದು. ಮೋಟಾರಿಲ್ಲ, ಸುತ್ತುವ ಪಟ್ಟಿಯಿಲ್ಲ. ಮೀನಖಂಡ ಬೇಗ ಸೋಲುತ್ತಿದ್ದುದರಿಂದ ಬಹಳ ಹೊತ್ತು ಆಗುತ್ತಿರಲಿಲ್ಲ. ಆದರೂ 84 ದಿನ ಇದ್ದ ಆ ತಂಡದ ಕಾಲುಗಳು 28 ದಿನ ಇದ್ದ ಮೊದಲ ತಂಡದ ಕಾಲುಗಳಿಗಿಂತ ಗಟ್ಟಿಯಾಗಿದ್ದವು. ಚಿಕ್ಕ ಯಂತ್ರದ ಮಾತು ಬಂದಾಗಲೆಲ್ಲ ಐವತ್ತು ವರ್ಷ ಹಿಂದಿನ ಈ ತಗಡು ನನಗೆ ನೆನಪಾಗುತ್ತದೆ.

ಈಗ ನಾಸಾ 'ಝೀರೋ ಟಿ2' ಎಂಬ ಪ್ರಯೋಗದಲ್ಲಿ ಕೆಲವು ಯಾತ್ರಿಗಳನ್ನು ಟ್ರೆಡ್‌ಮಿಲ್‌ನಿಂದ ದೂರವಿಟ್ಟು, ಸೈಕಲ್ ಮತ್ತು ಏರೆಡ್ ಮಾತ್ರ ಕೊಟ್ಟು, ಉಳಿದವರೊಂದಿಗೆ ಹೋಲಿಸುತ್ತಿದೆ. ಸರಿಯಾದ ಪ್ರಯೋಗ ಇದು. ಆದರೆ ಸ್ನಾಯು ಮತ್ತು ಹೃದಯದ ಅಂಕಿ ಸರಿಯಿದ್ದ ಮಾತ್ರಕ್ಕೆ ಓಟವನ್ನು ಕೈಬಿಡುವುದು ಅವಸರವೆಂದು ನನ್ನ ಎಣಿಕೆ. ಅಂಗಾಲು ನೆಲಕ್ಕೆ ತಗಲುವ ಪೆಟ್ಟು, ಸಮತೋಲನ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುವ ರೂಢಿ, ಇವನ್ನು ಸೈಕಲ್ ಕಲಿಸುವುದಿಲ್ಲ. ತಿಂಗಳುಗಟ್ಟಲೆ ನಡೆಯದ ಯಾತ್ರಿಗಳ ಅಂಗಾಲಿನ ದಪ್ಪ ಚರ್ಮ ಸುಲಿದು ಮಗುವಿನ ಅಂಗಾಲಿನಂತೆ ಮೃದುವಾಗುತ್ತದೆ, ಕಂಬಿಗೆ ಸಿಕ್ಕಿಸಿಕೊಳ್ಳುವ ಪಾದದ ಮೇಲ್ಭಾಗ ಗಡುಸಾಗುತ್ತದೆ. ನಡೆಯುವುದನ್ನು ಮೈ ಅಷ್ಟರ ಮಟ್ಟಿಗೆ ಮರೆಯುತ್ತದೆ.

ಪೆಟ್ಟಿಗೆಯ ಹೊರಗಿನ ಜಾಗ

ಸೂಟ್‌ಕೇಸಿನಷ್ಟು ಯಂತ್ರ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಸೂಟ್‌ಕೇಸು. ಆರಡಿ ಎತ್ತರದವರು ಅದರ ಮೇಲೆ ನಿಂತು ಪೂರ್ತಿ ಎದ್ದು, ಪೂರ್ತಿ ಕೂತು, ಕೈ ಚಾಚಬೇಕು. ಹುಟ್ಟು ಹಾಕುವಾಗ ಮೈ ಹಿಂದಕ್ಕೂ ಮುಂದಕ್ಕೂ ಹೋಗಬೇಕು. ಅಷ್ಟು ಹೊತ್ತು ಉಳಿದ ಮೂವರು ಎಲ್ಲಿರುತ್ತಾರೆ? ಐದಡಿಯವರಿಗೂ ಆರೂಕಾಲು ಅಡಿಯವರಿಗೂ ಅದೇ ಯಂತ್ರ ಹೊಂದಬೇಕು. ಚಿಕ್ಕ ನೌಕೆಯಲ್ಲಿ ಬಸ್ಕಿಯ ಆಳ ಕಡಿಮೆ ಮಾಡಿದರೆ ಜಾಗ ಉಳಿಯುತ್ತದೆ, ಆದರೆ ತೊಡೆಮೂಳೆಯ ಕುತ್ತಿಗೆಗೆ ಬೀಳಬೇಕಾದ ಒತ್ತಡವೂ ಬದಲಾಗುತ್ತದೆ. ವಯಸ್ಸಾದವರು ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಅದೇ ಜಾಗ.

ಎರಡನೆಯದು ಕಂಪನ. ಒಬ್ಬರು ಲಯಬದ್ಧವಾಗಿ ಓಡಿದರೆ, ಎತ್ತಿದರೆ ಆ ಲಯ ನೌಕೆಯ ಚೌಕಟ್ಟಿಗೂ ಸೌರಫಲಕಗಳಿಗೂ ಹಬ್ಬುತ್ತದೆ. ಸುಮಾರು 420 ಟನ್ ತೂಗುವ ನಿಲ್ದಾಣದಲ್ಲೇ ಯಂತ್ರಗಳನ್ನು ಸ್ಪ್ರಿಂಗು, ಡ್ಯಾಂಪರುಗಳ ಮೇಲೆ ತೇಲಿಸಿ, ಗೋಡೆಗೆ ನೇರವಾಗಿ ತಾಗದಂತೆ ಕೂರಿಸಿದ್ದಾರೆ. ನಿಲ್ದಾಣದ ಯಂತ್ರಗಳು ಅಷ್ಟು ಜಾಗ ತಿನ್ನುವುದಕ್ಕೆ ಇದೂ ಕಾರಣ. ಹಗುರ ನೌಕೆಯಲ್ಲಿ ಅದೇ ಪೆಟ್ಟು ಹೆಚ್ಚು ಅಲ್ಲಾಡಿಸುತ್ತದೆ, ತೇಲಿಸಿ ಕೂರಿಸಲು ಜಾಗ ಮಾತ್ರ ಇಲ್ಲ.

ಬೆವರಿನ ವಿಷಯವೂ ಇದೆ. ಸುಮ್ಮನೆ ಕೂತವರ ಮೈ ಸುಮಾರು 100 ವಾಟ್ ಶಾಖ ಹೊಮ್ಮಿಸಿದರೆ ಜೋರಾಗಿ ದುಡಿಯುವ ಮೈ ಅದರ ಎಂಟು ಹತ್ತು ಪಟ್ಟು ಹೊಮ್ಮಿಸುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಹಾಗೆಯೇ ಏರುತ್ತದೆ. ತೂಕವಿಲ್ಲದ ಕಡೆ ಬೆವರು ಇಳಿದು ಹೋಗದು, ಮೈಗೆ ಪದರದಂತೆ ಅಂಟಿಕೊಂಡು ದಪ್ಪವಾಗುತ್ತ ಹೋಗುತ್ತದೆ. ಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ಆ ತೇವವನ್ನೂ ಗಾಳಿಯಿಂದ ಹಿಂಡಿ ಕುಡಿಯುವ ನೀರು ಮಾಡಬೇಕು. ಓರಾಯನ್‌ನ ಗಾಳಿ ಶುದ್ಧಿಯ ವ್ಯವಸ್ಥೆ ವ್ಯಾಯಾಮದ ಹೊತ್ತಿನ ಹೊರೆಯನ್ನು ತಾಳುತ್ತದೆಯೇ ಎಂದು ನೋಡುವುದನ್ನು ಆರ್ಟೆಮಿಸ್-2ರ ಪರೀಕ್ಷೆಗಳಲ್ಲೇ ಸೇರಿಸಿದ್ದು ಈ ಕಾರಣಕ್ಕೆ. ಯಂತ್ರದ ತೂಕ 14 ಕಿಲೋ ಎಂದು ಬರೆಯುವಾಗ ಅದನ್ನು ಬಳಸುವವರಿಗೆ ಬೇಕಾದ ಹೆಚ್ಚಿನ ಊಟ, ನೀರು, ಗಾಳಿ ಶುದ್ಧಿಯ ಸಲಕರಣೆಯ ತೂಕ ಆ ಲೆಕ್ಕದಲ್ಲಿ ಇರುವುದಿಲ್ಲ.

ಎಷ್ಟು ಸಾಕು?

ಮಾತು ಮತ್ತೆ ಮೂಳೆಗೇ ಬರುತ್ತದೆ. ಇಲ್ಲಿ ಆಸೆ ಹುಟ್ಟಿಸುವ ಸುಳಿವುಗಳಿವೆ.

1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್ ಹಕ್ಕಿಯ ರೆಕ್ಕೆಯ ಮೂಳೆಯೊಂದಕ್ಕೆ ಸಹಜ ಭಾರ ತಪ್ಪಿಸಿ, ಯಂತ್ರದಿಂದ ದಿನಕ್ಕೆ ಎಣಿಸಿದಷ್ಟು ಸಲ ಮಾತ್ರ ಒತ್ತಿ ನೋಡಿದರು. ದಿನಕ್ಕೆ ನಾಲ್ಕೇ ಸಲ ಒತ್ತಿದಾಗ ಮೂಳೆ ಕರಗುವುದು ನಿಂತಿತು. 36 ಸಲ ಒತ್ತಿದಾಗ ಹೊಸ ಮೂಳೆ ಬೆಳೆಯಿತು. ನೂರಾರು ಸಲ ಒತ್ತಿದರೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಮೂಳೆ ಗಂಟೆ ಎಣಿಸುವುದಿಲ್ಲ, ಒತ್ತಡದ ಬಿರುಸನ್ನು ಎಣಿಸುತ್ತದೆ. ಜರ್ಮನಿಯಲ್ಲಿ 60 ದಿನ ಹಾಸಿಗೆಯಲ್ಲೇ ಮಲಗಿಸಿದ ಪ್ರಯೋಗವೊಂದರಲ್ಲಿ ಮಲಗಿದಲ್ಲೇ ಜಿಗಿಯುವಂತೆ ಮಾಡುವ ಜಾರುಬಂಡಿಯ ಮೇಲೆ ದಿನಕ್ಕೆ ಕೆಲವೇ ನಿಮಿಷ ಜಿಗಿದವರು ಕಾಲಿನ ಸ್ನಾಯು, ಮೂಳೆಗಳನ್ನು ಬಹುಮಟ್ಟಿಗೆ ಕಾಪಾಡಿಕೊಂಡರು. ನಿಲ್ದಾಣದಲ್ಲಿ ನಡೆದ 'ಸ್ಪ್ರಿಂಟ್' ಅಧ್ಯಯನ ಹೃದಯಕ್ಕೂ ಇಂಥದ್ದೇ ಮಾತು ಹೇಳಿತು: 30 ಸೆಕೆಂಡು, ಎರಡು ನಿಮಿಷ, ನಾಲ್ಕು ನಿಮಿಷಗಳ ಬಿರುಸಿನ ಸುತ್ತುಗಳು, ವಾರಕ್ಕೆ ಮೂರು ದಿನ ಭಾರ ಎತ್ತುವುದು. ರೂಢಿಯ ಉದ್ದದ ವ್ಯಾಯಾಮಕ್ಕಿಂತ ಕಡಿಮೆ ಹೊತ್ತಿನಲ್ಲಿ ಹೆಚ್ಚೂಕಡಿಮೆ ಅದೇ ಫಲ.

ಈಗ ದಿನಕ್ಕೆ ಎರಡರಿಂದ ಎರಡೂವರೆ ಗಂಟೆ ವ್ಯಾಯಾಮಕ್ಕೆ ಮೀಸಲು. ಯಂತ್ರ ಜೋಡಿಸುವುದು, ಒರೆಸಿಕೊಳ್ಳುವುದು ಸೇರಿ. ಅದನ್ನು ಅರ್ಧಕ್ಕೆ ಇಳಿಸಬಹುದಾದರೆ ಜಾಗದ ಜಗಳ ಅರ್ಧ ಮುಗಿಯಿತು, ಬೆವರಿನ ಲೆಕ್ಕವೂ ಇಳಿಯಿತು. ಆದರೆ ಗಮನಿಸಿ, ಕಡಿಮೆ ಹೊತ್ತು ಸಾಕು ಎನ್ನುವ ಎಲ್ಲ ಸುಳಿವುಗಳೂ ಹೆಚ್ಚು ಬಿರುಸು ಬೇಕು ಎಂದೇ ಹೇಳುತ್ತಿವೆ. ಅಂದರೆ ಪೆಟ್ಟಿಗೆ ಚಿಕ್ಕದಾದರೂ ಬಲ ತಗ್ಗಬಾರದು, ಬಹುಶಃ ಏರಬೇಕು. ಹಗುರ ಯಂತ್ರದ ಮೇಲೆ ಹೆಚ್ಚು ಹೊತ್ತು ಎಂಬ ರಾಜಿ ಮೂಳೆಯ ಮುಂದೆ ನಡೆಯುವುದಿಲ್ಲ.

2022ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಲೀ ಗೇಬಲ್ ಮತ್ತು ಸಂಗಡಿಗರು 17 ಗಗನಯಾತ್ರಿಗಳ ಮೂಳೆಯನ್ನು ಹಾರುವ ಮೊದಲು, ಇಳಿದಾಗ, ಒಂದು ವರ್ಷದ ನಂತರ ಸೂಕ್ಷ್ಮವಾಗಿ ಅಳೆದು ಪ್ರಕಟಿಸಿದ್ದು ಇದನ್ನೇ ಇನ್ನಷ್ಟು ಸ್ಪಷ್ಟ ಮಾಡಿತು. ಭೂಮಿಯ ಮೇಲೆ ಒಂದು ವರ್ಷ ಕಳೆದರೂ ಕಣಕಾಲಿನ ಬಳಿಯ ಮೂಳೆ ಪೂರ್ತಿ ಮರಳಿರಲಿಲ್ಲ, ಸಾಂದ್ರತೆ ಸುಮಾರು ಶೇ. 1ರಿಂದ 2ರಷ್ಟು ಕಡಿಮೆಯೇ ಇತ್ತು. ಆರು ತಿಂಗಳಿಗಿಂತ ಹೆಚ್ಚು ಇದ್ದವರದು ಇನ್ನೂ ಹಿಂದೆ. ಮೂಳೆಯೊಳಗಿನ ಜಾಲರಿಯ ಎಳೆಗಳು ಒಮ್ಮೆ ಕಡಿದುಹೋದರೆ ಉಳಿದ ಎಳೆ ದಪ್ಪವಾಗಬಹುದು, ಕಡಿದ ಎಳೆ ಮತ್ತೆ ಬೆಸೆಯುವುದು ಕಷ್ಟ. ಇವರೆಲ್ಲ ಏರೆಡ್, ಟ್ರೆಡ್‌ಮಿಲ್, ಸೈಕಲ್ ಎಲ್ಲವೂ ಇದ್ದ ನಿಲ್ದಾಣದಲ್ಲಿ ಇದ್ದವರು. ಅವರಲ್ಲೂ ಕಕ್ಷೆಯಲ್ಲಿ ಡೆಡ್‌ಲಿಫ್ಟ್ ಹೆಚ್ಚು ಮಾಡಿದವರ ಚೇತರಿಕೆ ಚೆನ್ನಾಗಿತ್ತು.

24 ಘನ ಮೀಟರ್ ಯಂತ್ರಗಳಿದ್ದೂ ಕಣಕಾಲು ಪೂರ್ತಿ ಉಳಿಯಲಿಲ್ಲ ಎಂದಮೇಲೆ ಸೂಟ್‌ಕೇಸಿನಲ್ಲಿ ಉಳಿಸಿಕೊಳ್ಳುತ್ತೇವೆ ಎನ್ನುವವರು ಆ ಮಾತನ್ನು ಯಾನದ ಮೊದಲೇ ಸಾಬೀತು ಮಾಡಿ ತೋರಿಸಬೇಕು. ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಔಷಧಿಯನ್ನು ವ್ಯಾಯಾಮದ ಜೊತೆ ಕೊಟ್ಟು ನೋಡಿದ ಪ್ರಯೋಗ ಭರವಸೆ ಕೊಟ್ಟಿದೆ. ಯಂತ್ರ ಚಿಕ್ಕದಾಗಲೇಬೇಕಾದರೆ ಔಷಧಿಯ ಆಸರೆಯನ್ನು ಗಂಭೀರವಾಗಿ ಪರಿಗಣಿಸುವುದು ಸರಿ ಎಂದು ನನಗನ್ನಿಸುತ್ತದೆ. ಇಡೀ ನೌಕೆಯನ್ನೋ ಚಿಕ್ಕ ತೋಳನ್ನೋ ತಿರುಗಿಸಿ ಕೃತಕ ಗುರುತ್ವ ಹುಟ್ಟಿಸುವ ಆಲೋಚನೆ ಹಳೆಯದು. 2019ರಲ್ಲಿ ಕಲೋನ್‌ನಲ್ಲಿ ಮಲಗಿದವರನ್ನು ದಿನಕ್ಕೆ ಅರ್ಧ ಗಂಟೆ ತಿರುಗಿಸಿ ನೋಡಿದ್ದೂ ಆಗಿದೆ. ಅಷ್ಟರಿಂದಲೇ ವ್ಯಾಯಾಮದ ಬದಲಿ ಸಿಗಲಿಲ್ಲ.

ಮಂಗಳನಲ್ಲಿ ಇಳಿಯುವ ದಿನವನ್ನು ಕಲ್ಪಿಸಿಕೊಳ್ಳಿ. ಕಕ್ಷೆಯಿಂದ ಭೂಮಿಗೆ ಮರಳುವವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಲು ಜನ ಕಾದಿರುತ್ತಾರೆ, ವೈದ್ಯರಿರುತ್ತಾರೆ. ಅಲ್ಲಿ ಯಾರೂ ಇಲ್ಲ. ಗುರುತ್ವ ಭೂಮಿಯದರ ಶೇ. 38ರಷ್ಟೇ ಇದ್ದರೂ ಎಂಟು ಒಂಬತ್ತು ತಿಂಗಳ ತೇಲಾಟದ ನಂತರ ತಲೆ ಸುತ್ತುವ ಮೈ ಭಾರವಾದ ಉಡುಪು ತೊಟ್ಟು ತಾನೇ ಬಾಗಿಲು ತೆರೆದು, ಏಣಿ ಇಳಿದು, ಸಂಗಾತಿ ಕುಸಿದರೆ ಅವರನ್ನೂ ಎಳೆದು ತರಬೇಕು. ವ್ಯಾಯಾಮದ ಯಂತ್ರಕ್ಕೆ ಅಳತೆಗೋಲು ಬರೆಯುವಾಗ ಕಿಲೋ, ಘನ ಮೀಟರ್‌ಗಳಿಗಿಂತ ಮೊದಲ ಸಾಲಿನಲ್ಲಿ ಇದನ್ನು ಬರೆಯಬೇಕು.

ಎರಡನೆಯ ಸಾಲಿನಲ್ಲಿ ರಿಪೇರಿ. ನಿಲ್ದಾಣದಲ್ಲಿ ಟ್ರೆಡ್‌ಮಿಲ್ ಕೆಟ್ಟರೆ ಸೈಕಲ್ ಇದೆ, ಸೈಕಲ್ ಕೆಟ್ಟರೆ ಏರೆಡ್ ಇದೆ. ಎಲ್ಲವನ್ನೂ ಒಂದರಲ್ಲಿ ಸೇರಿಸಿದ ಪೆಟ್ಟಿಗೆ ಕೆಟ್ಟರೆ ಅವತ್ತಿನಿಂದ ಎಲ್ಲರ ಮೂಳೆಯೂ ಒಟ್ಟಿಗೆ ಕರಗತೊಡಗುತ್ತದೆ. ಒಂದು ದೊಡ್ಡ ಬಹುಕೆಲಸದ ಯಂತ್ರಕ್ಕಿಂತ ಪರಸ್ಪರ ಬಿಡಿಭಾಗ ಹೊಂದುವ ಎರಡು ಸರಳ ಫ್ಲೈವೀಲ್‌ಗಳೂ ಥಾರ್ನ್‌ಟನ್ ಅವರದರಂಥ ಒಂದು ಜಾರುತಗಡೂ ಒಳ್ಳೆಯ ಜೊತೆ ಎಂದು ನಾನು ವಾದಿಸುತ್ತೇನೆ. ಹಗ್ಗ ಸವೆದರೆ ಕೈಯಲ್ಲೇ ಬದಲಿಸಬಹುದು, ಬಂಜಿ ಹಗ್ಗಗಳನ್ನು ಮೂರು ವರ್ಷಕ್ಕಾಗುವಷ್ಟು ಒಂದು ಚೀಲದಲ್ಲಿ ಒಯ್ಯಬಹುದು. ಮನುಷ್ಯ ಒಂದೇ ಸಲಕ್ಕೆ ಬಾಹ್ಯಾಕಾಶದಲ್ಲಿ ಕಳೆದಿರುವ ಅತಿ ದೀರ್ಘ ಕಾಲ ಇವತ್ತಿಗೂ ಪೊಲ್ಯಾಕೊವ್ ಅವರ 437 ದಿನಗಳೇ. ಅವರಿಗೆ ಓಡಲು ಮಿರ್‌ನಲ್ಲಿ ಟ್ರೆಡ್‌ಮಿಲ್ ಇತ್ತು.